ಹೊಗೆಸೊಪ್ಪಿನ ‘ಗುಣ’: ಹಳೆಯ ವಾದ, ಹೊಸ ವೇಷ

ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಇಳಿಯುವ ಮಲೆನಾಡಿಗರಿಗೆ ಹೊಗೆಸೊಪ್ಪು ಅಪರಿಚಿತ ವಸ್ತುವಲ್ಲ. ಇಂಬಳ ಹತ್ತದಿರಲೆಂದು ಸುಣ್ಣದೊಡನೆ ಕಾಲಿಗೆ ಹಚ್ಚುವುದು ಅದನ್ನೇ; ಕೊನೆಗೆ ಕೊಟ್ಟೆ ಕಟ್ಟಿ ಮರದಿಂದ ಇಳಿದವನು ನಡುಗುವ ಕೈಯಲ್ಲಿ ಬೀಡಿಯಾಗಿ ಹಚ್ಚುವುದೂ ಅದನ್ನೇ. ಬೀಡಿ ಎಳೆದರೆ ಮೈ ಬೆಚ್ಚಗಾಗುತ್ತದೆ, ಬೆಳಿಗ್ಗೆ ಹೊಟ್ಟೆ ಸಲೀಸಾಗುತ್ತದೆ, ಎದೆಯ ಕಫ ಕರಗುತ್ತದೆ ಎಂಬ ಮಾತುಗಳು ತಲೆಮಾರುಗಳಿಂದ ನಡೆದು ಬಂದಿವೆ. ಈಗ ಅವುಗಳ ಜೊತೆಗೆ ಓದಿದವರ ಮಾತೂ ಸೇರಿಕೊಂಡಿದೆ. ಸಿಗರೇಟು ಸೇದುವವರಿಗೆ ಪಾರ್ಕಿನ್ಸನ್ ಕಾಯಿಲೆ ಕಡಿಮೆಯಂತೆ, ಕರುಳಿನ ಹುಣ್ಣು ಬರುವುದಿಲ್ಲವಂತೆ, ಕೊರೊನಾ ಕೂಡ ಹತ್ತಿರ ಸುಳಿಯಲಿಲ್ಲವಂತೆ ಎಂದು ಕಾಲೇಜು ವಿದ್ಯಾರ್ಥಿಗಳು ವಾದಿಸುವುದುಂಟು. ಇವನ್ನೆಲ್ಲ ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಇವುಗಳಲ್ಲಿ ಕೆಲವಕ್ಕೆ ನಿಜವಾದ ಆಧಾರವಿದೆ. ಆ ಆಧಾರ ಎಷ್ಟು ಭಾರ ಹೊರಬಲ್ಲದು ಎಂಬುದೇ ಪ್ರಶ್ನೆ.

ಗಿಡದಿಂದಲೇ ಆರಂಭಿಸಬಹುದು. ಹೊಗೆಸೊಪ್ಪಿನ ಗಿಡವು ನಿಕೋಟಿನ್ ಎಂಬ ವಿಷವನ್ನು ಬೇರಿನಲ್ಲಿ ತಯಾರಿಸಿ ಎಲೆಗೆ ಸಾಗಿಸುತ್ತದೆ. ಎಲೆ ತಿನ್ನುವ ಕೀಟದ ನರಗಳನ್ನು ಕೆಡಿಸುವುದು ಅದರ ಕೆಲಸ. ಅರ್ಧ ಕಿಲೋ ಹೊಗೆಸೊಪ್ಪನ್ನು ನಾಲ್ಕೂವರೆ ಲೀಟರ್ ನೀರಿನಲ್ಲಿ ಒಂದು ದಿನ ನೆನೆಸಿ, ಸಾಬೂನು ಕರಗಿಸಿ ಸೇರಿಸಿ, ಆರೇಳು ಪಟ್ಟು ನೀರು ಬೆರೆಸಿ ಹೇನಿನ ಮೇಲೆ ಸಿಂಪಡಿಸುವ ವಿಧಾನವನ್ನು ಕೃಷಿ ಪಠ್ಯಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಅದೇ ನಿಕೋಟಿನ್ ಮನುಷ್ಯನ ನರಗಳನ್ನೂ ತಟ್ಟುತ್ತದೆ. ಕರುಳು ಚುರುಕಾಗುವುದು ಆದ್ದರಿಂದಲೇ. ಹೊಟ್ಟೆ ಸಲೀಸಾಗುವ ಮಾತು ಸುಳ್ಳಲ್ಲ. ಮೈ ಬೆಚ್ಚಗಾಗುವ ಮಾತು ಮಾತ್ರ ತಿರುಗುಮುರುಗು. ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಬೀಡಿ ಸೇದಿದವನ ಬೆರಳುಗಳು ತಣ್ಣಗಾಗುತ್ತವೆ. ಇನ್ನು ಕಫ: ಶ್ವಾಸನಾಳದ ಕಸವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳನ್ನು ಕುಂಠಿತಗೊಳಿಸುವುದೂ, ಕಫವನ್ನು ಹೆಚ್ಚಿಸುವುದೂ ಹೊಗೆಯೇ. ತಾನೇ ತಂದ ಕಫವನ್ನು ತಾನೇ ಕರಗಿಸಿದೆನೆಂಬ ಹೆಗ್ಗಳಿಕೆ ಅದರದು.

ಯೂರೋಪಿನಲ್ಲಿ ಹೊಗೆಸೊಪ್ಪು ಕಾಲಿಟ್ಟದ್ದೂ ಬಹುಮಟ್ಟಿಗೆ ಔಷಧವಾಗಿಯೇ. ಪೋರ್ಚುಗಲ್ಲಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜೀನ್ ನಿಕೋ 1560ರ ಸುಮಾರಿಗೆ ಅದನ್ನು ತಲೆನೋವಿನ ಮದ್ದೆಂದು ತನ್ನ ಅರಮನೆಗೆ ಕಳುಹಿಸಿದನು. ನಿಕೋಟಿನ್ ಎಂಬ ಹೆಸರು ಅವನದೇ. 1571ರಲ್ಲಿ ಸೆವಿಲ್ ನಗರದ ವೈದ್ಯ ಮೊನಾರ್ದೆಸ್ ಹತ್ತಾರು ರೋಗಗಳಿಗೆ ಇದೇ ಎಲೆಯನ್ನು ಸೂಚಿಸಿದನು. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಥೇಮ್ಸ್ ನದಿಯಲ್ಲಿ ಮುಳುಗಿದವರನ್ನು ಬದುಕಿಸಲು ಗುದದ್ವಾರದ ಮೂಲಕ ಹೊಗೆ ಊದುವ ಸಲಕರಣೆಯನ್ನು ದಡದಲ್ಲಿ ಇಡಲಾಗಿತ್ತು. ನಗೆ ಬರುವ ಸಂಗತಿಯಾದರೂ ಅದು ಆ ಕಾಲದ ಗಂಭೀರ ವೈದ್ಯ. ನಿಕೋಟಿನ್ ಹೃದಯಕ್ಕೆ ವಿಷವೆಂದು 1811ರಲ್ಲಿ ಬ್ರೋಡಿ ತೋರಿಸಿದ ಬಳಿಕ ಆ ಪದ್ಧತಿ ಹಿಂದೆ ಸರಿಯಿತು.

ಇಪ್ಪತ್ತನೆಯ ಶತಮಾನದ ಕಥೆ ಕೃಷಿ ವಿಜ್ಞಾನದ ವಿದ್ಯಾರ್ಥಿಗಳು ವಿಶೇಷವಾಗಿ ಓದಬೇಕಾದದ್ದು. 1950ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಪ್ರಕಟಿಸಿದರು. ಸ್ವತಃ ಸಿಗರೇಟು ಸೇದುತ್ತಿದ್ದ ಡಾಲ್ ತಮ್ಮದೇ ಅಂಕಿಗಳನ್ನು ಕಂಡು ಬಿಟ್ಟರು. ಅವರನ್ನು ಬಲವಾಗಿ ವಿರೋಧಿಸಿದವರು ಯಾರೋ ಅಜ್ಞಾನಿಯಲ್ಲ, ರೊನಾಲ್ಡ್ ಫಿಶರ್! ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕುಳಿತು, ಹೊಲದ ಮಡಿಗಳಿಗೆ ಗೊಬ್ಬರವನ್ನಾಗಲಿ ತಳಿಯನ್ನಾಗಲಿ ಚೀಟಿ ಎತ್ತಿ ಹಂಚಬೇಕೆಂದು ಜಗತ್ತಿಗೆ ಕಲಿಸಿದವರು. ಇಂದಿಗೂ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಒಂದು ಭತ್ತದ ತಳಿ ಪರೀಕ್ಷೆ ಅವರ ವಿಧಾನವಿಲ್ಲದೆ ನಡೆಯದು. 1957ರಿಂದ ಅವರು ಹೇಳತೊಡಗಿದ್ದು ಇಷ್ಟು: ಮನುಷ್ಯರನ್ನು ಚೀಟಿ ಎತ್ತಿ ಸೇದುವವರು, ಸೇದದವರು ಎಂದು ವಿಂಗಡಿಸಿಲ್ಲ, ಹುಟ್ಟುಗುಣವೊಂದು ಕೆಲವರಲ್ಲಿ ಸೇದುವ ಆಸೆಯನ್ನೂ ಕ್ಯಾನ್ಸರನ್ನೂ ಒಟ್ಟಿಗೆ ತರುತ್ತಿರಬಹುದು, ಆದ್ದರಿಂದ ಏನೂ ಸಾಬೀತಾಗಿಲ್ಲ.

ತರ್ಕವಾಗಿ ಆ ಆಕ್ಷೇಪ ನಿರ್ಲಕ್ಷಿಸುವಂಥದ್ದಲ್ಲ. ಆದರೆ ಅದಕ್ಕೆ ಉತ್ತರ ಬೇಗನೆ ಬಂದಿತು. ಸೇದುವವರಿಗೆ ಒಂಬತ್ತು ಪಟ್ಟು ಹೆಚ್ಚು ಅಪಾಯವಿದ್ದರೆ, ಅದನ್ನು ಪೂರ್ತಿಯಾಗಿ ವಿವರಿಸಬಲ್ಲ ಆ ಗುಪ್ತ ಗುಣವೂ ಸೇದುವವರಲ್ಲಿ ಕನಿಷ್ಠ ಒಂಬತ್ತು ಪಟ್ಟು ಹೆಚ್ಚಾಗಿರಬೇಕು ಎಂದು 1959ರಲ್ಲಿ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು ಲೆಕ್ಕ ತೋರಿಸಿದರು. ಅಂಥ ಗುಣವನ್ನು ಯಾರೂ ತೋರಿಸಲಿಲ್ಲ. ಮೇಲಾಗಿ, ಸಿಗರೇಟು ಬಿಟ್ಟವರಲ್ಲಿ ಅಪಾಯ ಇಳಿಯುತ್ತದೆ. ಬಿಟ್ಟ ಮಾತ್ರಕ್ಕೆ ಹುಟ್ಟುಗುಣ ಬದಲಾಗುವುದಿಲ್ಲವಲ್ಲ! ಫಿಶರರು 1962ರಲ್ಲಿ ತೀರಿಕೊಳ್ಳುವವರೆಗೂ ಒಪ್ಪಲಿಲ್ಲ. ಅವರು ಪೈಪ್ ಸೇದುತ್ತಿದ್ದರು. ತಂಬಾಕು ತಯಾರಕರ ಸಮಿತಿಗೆ ಸಲಹೆಗಾರರೂ ಆಗಿದ್ದರು. ಹಣವೇ ಅವರ ಬಾಯಿ ಆಡಿಸಿತೆಂದು ಹೇಳುವುದು ಅವಸರದ ತೀರ್ಪಾದೀತು. ತಮ್ಮ ವಿಧಾನದ ಮೇಲಿನ ಅತಿಯಾದ ಮೋಹವೂ ಕಾರಣವಿರಬಹುದು. ಆದರೆ ಉದ್ಯಮಕ್ಕೆ ಬೇಕಾಗಿದ್ದದ್ದು ‘ಒಳ್ಳೆಯದು’ ಎಂಬ ಪ್ರಮಾಣಪತ್ರವಲ್ಲ, ‘ಇನ್ನೂ ಸಾಬೀತಾಗಿಲ್ಲ’ ಎಂಬ ಒಂದು ವಾಕ್ಯ ಮಾತ್ರ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದ ಮೇಲೆ ಕಾಸರಗೋಡಿನ ಜನ ಕೇಳಬೇಕಾಗಿ ಬಂದದ್ದೂ ಇದೇ ವಾಕ್ಯ. ಸರ್ವೋಚ್ಚ ನ್ಯಾಯಾಲಯದ ತಡೆ ಬರಲು 2011ರವರೆಗೆ ಕಾಯಬೇಕಾಯಿತು.

ಈಗ ಹೊಸ ವಾದಗಳಿಗೆ ಬರಬಹುದು. ಧೂಮಪಾನಿಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಕಡಿಮೆ ಕಾಣುತ್ತದೆಂಬುದು ನಿಜ. ಬ್ರಿಟನ್ನಿನ ವೈದ್ಯರ ದೀರ್ಘ ಅಧ್ಯಯನದಲ್ಲಿಯೂ ಅದು ಕಂಡಿದೆ. ಆದರೆ ಆ ಕಾಯಿಲೆ ಒಳಗೊಳಗೇ ಆರಂಭವಾದವರಿಗೆ ಸಿಗರೇಟಿನ ಸುಖ ಕಡಿಮೆಯಾಗಿ, ಅವರೇ ಸುಲಭವಾಗಿ ಬಿಟ್ಟುಬಿಡುತ್ತಿರಬಹುದು ಎಂಬ ವಿವರಣೆಯೂ ಇದೆ. ನಿಕೋಟಿನ್ ಪಟ್ಟಿಯನ್ನು ರೋಗಿಗಳಿಗೆ, ಫಿಶರರ ವಿಧಾನದಲ್ಲಿಯೇ ಚೀಟಿ ಎತ್ತಿ, ಒಂದು ವರ್ಷ ಅಂಟಿಸಿ ನೋಡಿದ ಪರೀಕ್ಷೆಯ ಫಲ 2023ರಲ್ಲಿ ಪ್ರಕಟವಾಯಿತು: ರೋಗದ ವೇಗ ತಗ್ಗಲಿಲ್ಲ. ದೊಡ್ಡ ಕರುಳಿನ ಹುಣ್ಣಿನ ಒಂದು ಬಗೆ ಧೂಮಪಾನಿಗಳಲ್ಲಿ ಕಡಿಮೆ, ಸರಿ. ಅದರ ಸೋದರ ರೋಗವಾದ ಕ್ರೋನ್ಸ್ ಧೂಮಪಾನದಿಂದ ಉಲ್ಬಣಿಸುತ್ತದೆ. ಮರೆವಿನ ರೋಗವಾದ ಅಲ್‌ಝೈಮರ್ಸ್ ಕುರಿತ ಅಧ್ಯಯನಗಳನ್ನು 2010ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಉದ್ಯಮದ ನಂಟಿಲ್ಲದವು ಧೂಮಪಾನದಿಂದ ಅಪಾಯ ಹೆಚ್ಚುತ್ತದೆಂದೇ ತೋರಿಸಿದವು. ಕೊರೊನಾದ ಕಥೆ ಇನ್ನೂ ಬೋಧಪ್ರದ. 2020ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಕೆಲವು ವಿಜ್ಞಾನಿಗಳು ನಿಕೋಟಿನ್ ಕಾಪಾಡುತ್ತಿರಬಹುದೆಂಬ ಊಹೆ ಮುಂದಿಟ್ಟರು. ಜನ ಮುಗಿಬಿದ್ದಾರೆಂದು ಅಲ್ಲಿನ ಸರ್ಕಾರ ನಿಕೋಟಿನ್ ಪಟ್ಟಿಗಳ ಮಾರಾಟಕ್ಕೇ ಮಿತಿ ಹೇರಬೇಕಾಯಿತು. ಅದೇ ಬಗೆಯ ಒಂದು ಸಂಶೋಧನಾ ಲೇಖನವನ್ನು ಯೂರೋಪಿನ ಶ್ವಾಸಕೋಶ ವೈದ್ಯರ ಪತ್ರಿಕೆ 2021ರಲ್ಲಿ ಹಿಂತೆಗೆದುಕೊಂಡಿತು. ಲೇಖಕರಲ್ಲಿ ಕೆಲವರು ತಂಬಾಕು ಉದ್ಯಮದೊಡನೆ ತಮಗಿದ್ದ ನಂಟನ್ನು ಮರೆಮಾಚಿದ್ದರು.

ಒಂದು ವೇಳೆ ಪಾರ್ಕಿನ್ಸನ್ನಿನ ವಾದ ಪೂರ್ತಿ ನಿಜವೆಂದೇ ಇಟ್ಟುಕೊಳ್ಳೋಣ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ? ಮೂವತ್ತನಾಲ್ಕು ಸಾವಿರ ಬ್ರಿಟಿಷ್ ವೈದ್ಯರನ್ನು 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ಡಾಲ್ ತಂಡ 2004ರಲ್ಲಿ ನೀಡಿದ ಲೆಕ್ಕದಂತೆ, ಕೊನೆಯವರೆಗೆ ಸೇದಿದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಸತ್ತರು. ಅರವತ್ತರಲ್ಲಿ ಬಿಟ್ಟವರು ಮೂರು ವರ್ಷ, ಐವತ್ತರಲ್ಲಿ ಬಿಟ್ಟವರು ಆರು, ನಲವತ್ತರಲ್ಲಿ ಬಿಟ್ಟವರು ಒಂಬತ್ತು ವರ್ಷ ಮರಳಿ ಗಳಿಸಿದರು. ಮೂವತ್ತರಲ್ಲಿ ಬಿಟ್ಟವರಿಗೆ ನಷ್ಟವೇ ಬಹುತೇಕ ಇಲ್ಲ.

ಆ ಲೆಕ್ಕ ವೈದ್ಯರದು. ಮಲೆನಾಡಿನ ಲೆಕ್ಕ ಬೀಡಿಯದು. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಭಾರತದ ವಯಸ್ಕರಲ್ಲಿ ಶೇಕಡಾ 4ರಷ್ಟು ಜನ ಸಿಗರೇಟು ಸೇದುತ್ತಿದ್ದರೆ, ಬೀಡಿ ಸೇದುತ್ತಿದ್ದವರು ಶೇಕಡಾ 7.7. ಇದಕ್ಕೆ ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರನನ್ನೋ ದಕ್ಷಿಣ ಕನ್ನಡದಲ್ಲಿ ಜಗಲಿಯ ಮೇಲೆ ಬೀಡಿ ಕಟ್ಟುವ ಹೆಂಗಸನ್ನೋ ದೂಷಿಸಿ ಫಲವಿಲ್ಲ. ಒದ್ದೆ ಎಲೆ ಮುಟ್ಟಿ ನಿಕೋಟಿನ್ ಚರ್ಮದೊಳಕ್ಕಿಳಿದು ವಾಂತಿ ಮಾಡಿಕೊಳ್ಳುವವನೂ, ದಿನವಿಡೀ ಅದರ ಧೂಳು ಕುಡಿಯುವವಳೂ ಅವರೇ. ಸೊಪ್ಪು ಹದಗೊಳಿಸುವ ಗೂಡುಗಳಿಗೆ ಸುರಿದ ಸೌದೆಯ ಲೆಕ್ಕ ಬೇರೆಯೇ ಬರೆಯಬೇಕಾದದ್ದು.

ಹತ್ತಿರದ ಒಂದು ಸಂಗತಿ ಮಾತ್ರ ಹೇಳದೆ ಬಿಡುವಂತಿಲ್ಲ. ಮಲೆನಾಡಿನ ಅನೇಕ ತೋಟಗಳಲ್ಲಿ ಕೆಲಸಕ್ಕೆ ಬಂದವರ ಮುಂದೆ ಎಲೆ ಅಡಿಕೆಯ ತಟ್ಟೆಯನ್ನು ಹೊಗೆಸೊಪ್ಪಿನೊಡನೆ ಇಡುವುದು ಮರ್ಯಾದೆ. ಮಳೆಯ ದಿನಗಳಲ್ಲಿ ಬೀಡಿಯ ಕಟ್ಟೂ ಅದರ ಜೊತೆಗೆ ಬರುತ್ತದೆ. ತಮ್ಮ ಮಕ್ಕಳಿಗೆ ಬೇಡವೆನ್ನುವ ವಸ್ತುವನ್ನು ಒಡೆಯರು ಆಳಿಗೆ ‘ಚಳಿಗೆ ಒಳ್ಳೆಯದು’ ಎಂದು ಕೊಡುತ್ತಾರೆ. ಚಳಿಗೆ ಬೇಕಾದದ್ದು ಮರದ ಬುಡದಲ್ಲಿ ಒಂದು ಒಣ ಕಂಬಳಿ, ಒಂದು ಹಂಡೆ ಬಿಸಿನೀರು, ಹತ್ತು ಗಂಟೆಗೊಮ್ಮೆ ಮೂರು ಗಂಟೆಗೊಮ್ಮೆ ಶುಂಠಿ ಕಷಾಯ. ಅದರ ಖರ್ಚು ಬೀಡಿಯ ಕಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.