ಗ್ಯಾಸ್ ಮಾತ್ರೆಗೆ ಚೀಟಿ ಬೇಕೇ ಬೇಕು

‘ಗ್ಯಾಸ್‌ಗೆಂದು ಪ್ಯಾಂಟೊಪ್ರಜೋಲ್ ದಿನಾ ನುಂಗಿದರೂ ಏನೂ ಆಗದು, ಅದಕ್ಕೆ ವೈದ್ಯರ ಚೀಟಿ ಯಾಕೆ?’ ಎಂಬ ವಾದ ಒಪ್ಪುವಂಥದ್ದಲ್ಲ. ಅದು ಹೊಟ್ಟೆಯಲ್ಲಿರುವ ಆಮ್ಲವನ್ನು ತಣಿಸುವ ಔಷಧವಲ್ಲ, ಆಮ್ಲ ಸುರಿಸುವ ಪಂಪನ್ನೇ ತಡೆಯುವಂಥದ್ದು. ಆ ಪಂಪು ಚುರುಕಾಗುವುದು ಊಟದ ಹೊತ್ತಿಗೆ. ಆದ್ದರಿಂದಲೇ ಮಾತ್ರೆ ತಿಂಡಿಗೆ ಅರ್ಧ ಗಂಟೆ ಮೊದಲು. ಬಿರಿಯಾನಿ ಉಂಡು ಎದೆ ಉರಿದಮೇಲೆ ನುಂಗಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಸಾಮಾನ್ಯ ಎದೆಯುರಿಗೆ 4ರಿಂದ 8 ವಾರ ಸಾಕು. ವರ್ಷಗಟ್ಟಲೆ ಮುಂದುವರಿಸಿದರೆ ಬಿ12, ಮೆಗ್ನೀಸಿಯಂ ಕುಸಿಯಬಹುದು. ಇದೇ ಗುಂಪಿನ ಒಮೆಪ್ರಜೋಲ್ ಅಂತೂ ಸ್ಟೆಂಟ್ ಹಾಕಿಸಿಕೊಂಡವರು ನುಂಗುವ ಕ್ಲೊಪಿಡೊಗ್ರೆಲ್‌ನ ಬಲವನ್ನೇ ಕುಗ್ಗಿಸಬಲ್ಲದು. ಅಂಗಡಿಯವರು ಕೊಡುವ, ಹೆಸರಿನಲ್ಲಿ ‘ಡಿ’ ಸೇರಿದ ಮಾತ್ರೆಯಲ್ಲಿ ಸಾಮಾನ್ಯವಾಗಿ ಡೊಂಪೆರಿಡೋನ್ ಇರುತ್ತದೆ. ಕೆಲವರಲ್ಲಿ ಅದು ಹೃದಯದ ಲಯ ತಪ್ಪಿಸುತ್ತದೆ. ಚೀಟಿ ಬೇಕಿರುವುದು ಇದಕ್ಕೇ.

‘ಬಿಟ್ಟರೆ ಉರಿ ಹೆಚ್ಚುತ್ತದಲ್ಲ, ಅಂದಮೇಲೆ ಮಾತ್ರೆ ಬೇಕು ತಾನೇ?’ ಎನ್ನಬಹುದು. ಬಹುಕಾಲ ತಡೆದಿಟ್ಟ ಆಮ್ಲ, ಮಾತ್ರೆಯನ್ನು ಥಟ್ಟನೆ ಬಿಟ್ಟಾಗ ಕೆಲವು ವಾರ ಉಕ್ಕುವುದುಂಟು. ಅದು ರೋಗ ಮರಳಿದ್ದೆಂದೇ ತಿಳಿಯಬೇಕಿಲ್ಲ. ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಹಾಗೆಂದು ಎಲ್ಲರೂ ಬಿಡಬಾರದು: ಆಸ್ಪಿರಿನ್ ನುಂಗುತ್ತಾ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಇರುವವರಿಗೆ ಇದೇ ಮಾತ್ರೆ ರಕ್ಷೆ. ಇನ್ನು ಆಹಾರ ಗಂಟಲಲ್ಲಿ ಸಿಕ್ಕಿಕೊಳ್ಳುವುದು, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ಬೆವರಿನೊಂದಿಗೆ ಎದೆನೋವು ಕಂಡರೆ ದಯವಿಟ್ಟು ಮೆಡಿಕಲ್ ಶಾಪಿಗಲ್ಲ, ನೇರ ಆಸ್ಪತ್ರೆಗೆ ಹೋಗಿ.