ವಿಲ್ಸನ್ ಕಾಯಿಲೆ, ಪೆನಿಸಿಲ್ಲಾಮೈನ್ ಔಷಧಿ ಹಾಗೂ ಸರ್ಕಾರದ ನೆರವು: ಹುಣಸಗಿ ಭಾಗದ ಅರ್ಜಿದಾರರ ಮಾಹಿತಿಗಾಗಿ

ಸರ್ಕಾರದ ಆರೋಗ್ಯ ನೆರವಿನ ಯೋಜನೆಗಳು ಬಹುಮಟ್ಟಿಗೆ ಆಸ್ಪತ್ರೆಗೆ ದಾಖಲಾಗುವ ರೋಗಿಯನ್ನು ಗಮನದಲ್ಲಿರಿಸಿಕೊಂಡು ರೂಪುಗೊಂಡಿವೆ. ಆದರೆ ಹಾಸಿಗೆ ಹಿಡಿಯದೆ, ಜೀವನಪರ್ಯಂತ ದಿನವೂ ಔಷಧಿ ಸೇವಿಸಬೇಕಾದ ರೋಗಿಗಳೂ ಇದ್ದಾರೆ. ವಿಲ್ಸನ್ ಕಾಯಿಲೆಯವರು ಈ ವರ್ಗಕ್ಕೆ ಸೇರಿದವರು. ಯಾದಗಿರಿ ಜಿಲ್ಲೆಯ ಹುಣಸಗಿಯಂತಹ ದೂರದ ತಾಲ್ಲೂಕಿನಿಂದ ನೆರವು ಕೋರಿ ಅರ್ಜಿ ಸಲ್ಲಿಸುವವರು ಈ ವ್ಯತ್ಯಾಸವನ್ನು ಅರಿತಿರುವುದು ಅವಶ್ಯಕ.

ಆಹಾರದ ಮೂಲಕ ದೇಹ ಸೇರುವ ತಾಮ್ರದ ಹೆಚ್ಚುವರಿ ಅಂಶವನ್ನು ಯಕೃತ್ತು ಪಿತ್ತರಸದ ಮೂಲಕ ಹೊರಹಾಕುತ್ತದೆ. ಈ ಕಾರ್ಯಕ್ಕೆ ಬೇಕಾದ ಎಟಿಪಿ7ಬಿ ಎಂಬ ವಂಶವಾಹಿಯು ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತವಾಗಿ ಬಂದಾಗ ತಾಮ್ರವು ಯಕೃತ್ತು, ಮೆದುಳು ಹಾಗೂ ಕಣ್ಣಿನಲ್ಲಿ ಸಂಗ್ರಹವಾಗುತ್ತದೆ. ಮಗುವಿಗೆ ಪದೇ ಪದೇ ಕಾಮಾಲೆ ಬರಬಹುದು. ಅಕ್ಷರ ಕೆಡಬಹುದು, ಮಾತು ತೊದಲಬಹುದು, ಜೊಲ್ಲು ಸುರಿಯಬಹುದು, ಕೈ ನಡುಗಬಹುದು. ಶಾಲೆಯಲ್ಲಿ ಇದನ್ನು ಸೋಮಾರಿತನವೆಂದೂ ಮನೆಯಲ್ಲಿ ಗಾಳಿ ಸೋಕಿದ್ದೆಂದೂ ಭಾವಿಸಿ ಅಮೂಲ್ಯ ಕಾಲ ಕಳೆದುಹೋಗುವುದುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೂರು ದಶಕಗಳ ಅವಧಿಯ 282 ರೋಗಿಗಳ ವಿವರಗಳನ್ನು 2007ರಲ್ಲಿ ಪ್ರಕಟಿಸಿದ್ದು, ಅವರಲ್ಲಿ ಸುಮಾರು ಮೂರನೇ ಎರಡು ಭಾಗದವರಲ್ಲಿ ನರಸಂಬಂಧಿ ಲಕ್ಷಣಗಳೇ ಪ್ರಧಾನವಾಗಿದ್ದವು. ರಕ್ತಸಂಬಂಧದಲ್ಲಿ ವಿವಾಹವಾದ ದಂಪತಿಗಳ ಮಕ್ಕಳಲ್ಲಿ ಇಂತಹ ಕಾಯಿಲೆಗಳ ಸಂಭವ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ವಿವಾಹಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಈ ಬಗೆಯವು. ಆದುದರಿಂದ ಒಂದು ಮಗುವಿಗೆ ಕಾಯಿಲೆ ಖಚಿತವಾದಲ್ಲಿ, ಆರೋಗ್ಯವಂತರಂತೆ ಕಾಣುವ ಅದರ ಅಣ್ಣ, ತಮ್ಮ, ಅಕ್ಕ, ತಂಗಿಯರೆಲ್ಲರನ್ನೂ ಪರೀಕ್ಷೆಗೆ ಒಳಪಡಿಸತಕ್ಕದ್ದು.

ಚಿಕಿತ್ಸೆಗೆ ಬಳಸುವ ಪೆನಿಸಿಲ್ಲಾಮೈನ್ ಔಷಧಿಯನ್ನು ಬ್ರಿಟನ್ನಿನ ವೈದ್ಯ ಜಾನ್ ವಾಲ್ಶ್ ಅವರು 1956ರಲ್ಲಿ ಈ ಕಾಯಿಲೆಗೆ ಪರಿಚಯಿಸಿದರು. ಅದಕ್ಕೂ ಮುನ್ನ ಈ ಕಾಯಿಲೆಯು ಸಾಮಾನ್ಯವಾಗಿ ಮರಣದಲ್ಲಿಯೇ ಕೊನೆಗೊಳ್ಳುತ್ತಿತ್ತು. ಇದು ಥಯಾಲ್ ವರ್ಗದ ಔಷಧಿ; ಇದರಲ್ಲಿರುವ ಗಂಧಕದ ಅಂಶವು ತಾಮ್ರವನ್ನು ಹಿಡಿದುಕೊಂಡು ಮೂತ್ರದ ಮೂಲಕ ಹೊರಗೊಯ್ಯುತ್ತದೆ. ಹೆಸರು ಪೆನಿಸಿಲಿನ್ ಅನ್ನು ಹೋಲುತ್ತದೆ, ಮೂಲವೂ ಅದೇ. ಆದರೆ ಇದು ಸೋಂಕು ನಿವಾರಕವಲ್ಲ. ಜ್ವರ ಇಳಿದ ಮೇಲೆ ನಿಲ್ಲಿಸುವ ಔಷಧಿಯೆಂದು ತಿಳಿದು ಇದನ್ನು ಬಿಟ್ಟವರಿಗೆ ಅಪಾಯ ತಪ್ಪದು. ಔಷಧಿಯನ್ನು ಏಕಾಏಕಿ ನಿಲ್ಲಿಸಿದಲ್ಲಿ ಕೆಲವೇ ತಿಂಗಳುಗಳಲ್ಲಿ ಯಕೃತ್ತು ವಿಫಲವಾಗಿ ಪ್ರಾಣಕ್ಕೆ ಎರವಾಗಬಹುದು. ಗರ್ಭಿಣಿಯರು ಸಹ ತಾವಾಗಿ ಬಿಡಬಾರದು. ವೈದ್ಯರು ಪ್ರಮಾಣವನ್ನು ತಗ್ಗಿಸುತ್ತಾರೆ.

ಕ್ಯಾಪ್ಸೂಲನ್ನು ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಊಟವಾಗಿ ಎರಡು ಗಂಟೆಯ ನಂತರ ಸೇವಿಸಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ನೀಡುವ ಕಬ್ಬಿಣಾಂಶದ ಮಾತ್ರೆ ಮತ್ತು ಭೇದಿಯಾದಾಗ ನೀಡುವ ಸತುವಿನ ಮಾತ್ರೆ, ಇವೆರಡನ್ನೂ ಇದರೊಂದಿಗೆ ಒಂದೇ ಹೊತ್ತಿಗೆ ಕೊಡಬಾರದು. ಆದ್ದರಿಂದ ಶಾಲೆಯ ಶಿಕ್ಷಕರಿಗೂ ಆಶಾ ಕಾರ್ಯಕರ್ತೆಗೂ ಕಾಯಿಲೆಯ ವಿಷಯ ತಿಳಿಸಿರುವುದು ಒಳಿತು. ಮೊದಲ ವಾರಗಳಲ್ಲಿ ಜ್ವರ, ಮೈಮೇಲೆ ಗಂಧೆ ಕಾಣಿಸಬಹುದು. ಮೂತ್ರದಲ್ಲಿ ಪ್ರೋಟೀನ್ ಹೋಗುವುದು, ರಕ್ತಕಣಗಳು ಕಡಿಮೆಯಾಗುವುದು ಸಹ ಉಂಟು. ನಿಯತ ರಕ್ತ ಹಾಗೂ ಮೂತ್ರ ಪರೀಕ್ಷೆ ಇದಕ್ಕಾಗಿಯೇ. ನರಸಂಬಂಧಿ ತೊಂದರೆ ಇರುವ ಕೆಲವರಲ್ಲಿ ಆರಂಭದಲ್ಲಿ ನಡುಕ, ಬಿಗಿತ ಹೆಚ್ಚಾಗುವುದೂ ಇದೆ. ಇದನ್ನು ಕಂಡು ಔಷಧಿ ಎಸೆಯದೆ ತಕ್ಷಣ ತಜ್ಞರನ್ನು ಕಾಣತಕ್ಕದ್ದು. ತಾಮ್ರದ ಬಿಂದಿಗೆಯ ನೀರು ಈ ರೋಗಿಗಳಿಗೆ ವರ್ಜ್ಯ. ಶೇಂಗಾದಲ್ಲಿಯೂ ತಾಮ್ರವಿರುವುದರಿಂದ ಶೇಂಗಾ ಹಿಂಡಿಯನ್ನು, ಈ ಭಾಗದವರಿಗೆ ಕಷ್ಟವೇ ಆದರೂ, ಚಿಕಿತ್ಸೆಯ ಮೊದಲ ವರ್ಷವಾದರೂ ದೂರವಿಡುವುದು ಸೂಕ್ತ.

ಔಷಧಿಯ ಲಭ್ಯತೆ ಮತ್ತೊಂದು ಸಮಸ್ಯೆ. ಅಮೆರಿಕದಲ್ಲಿ ಇದೇ ಔಷಧಿಯ ಒಂದು ಬ್ರಾಂಡಿನ ಬೆಲೆಯನ್ನು ಅನೇಕ ಪಟ್ಟು ಏರಿಸಿದ ವಿಷಯ 2016ರಲ್ಲಿ ಅಲ್ಲಿನ ಸೆನೆಟ್ ಸಮಿತಿಯ ವಿಚಾರಣೆಗೆ ಒಳಗಾಯಿತು. ಭಾರತದಲ್ಲಿ ಇದು ಅವಶ್ಯಕ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ. ಆದರೂ ರೋಗಿಗಳು ವಿರಳವಾಗಿರುವಲ್ಲಿ ಅಂಗಡಿಯವರು ದಾಸ್ತಾನು ಇಡಲು ಹಿಂಜರಿಯುವುದು ಸಹಜ. ವೆಚ್ಚದ ಹೊರೆಯನ್ನು ಮನಗಂಡ ನಿಮ್ಹಾನ್ಸ್ ವೈದ್ಯರು, ಪೆನಿಸಿಲ್ಲಾಮೈನ್ ಮತ್ತು ಸತುವಿನ ಲವಣ ಎರಡನ್ನೂ ದೀರ್ಘಕಾಲ ಸೇವಿಸಿ ಸ್ಥಿರವಾಗಿದ್ದ 45 ರೋಗಿಗಳಿಗೆ ಮೊದಲನೆಯದನ್ನು ನಿಲ್ಲಿಸಿ, ಅಗ್ಗವಾದ ಸತುವನ್ನು ಮಾತ್ರ ಮುಂದುವರಿಸಿದರು. ಬಹುಪಾಲು ರೋಗಿಗಳು ಸುಸ್ಥಿತಿಯಲ್ಲಿಯೇ ಉಳಿದರೆಂದು 2008ರಲ್ಲಿ ವರದಿಯಾಗಿದೆ. ಇದು ವೈದ್ಯರ ನಿಗಾದಲ್ಲಿ ಕೈಗೊಂಡ ಕ್ರಮವೇ ಹೊರತು ಮನೆಯಲ್ಲಿ ತೀರ್ಮಾನಿಸುವ ವಿಷಯವಲ್ಲ. ಆದರೆ ಔಷಧಿ ಕೊಳ್ಳಲು ಹಣವಿಲ್ಲವೆಂಬುದನ್ನು ಮುಚ್ಚಿಡದೆ ವೈದ್ಯರ ಮುಂದೆ ಹೇಳಿದಲ್ಲಿ ಪರ್ಯಾಯ ದೊರೆಯಬಹುದು.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ಗಳವರೆಗೆ ಚಿಕಿತ್ಸೆ ಲಭ್ಯವಿದೆ. ಆದರೆ ಹೊರರೋಗಿಯಾಗಿ ತಿಂಗಳು ತಿಂಗಳು ಕೊಳ್ಳುವ ಕ್ಯಾಪ್ಸೂಲಿನ ವೆಚ್ಚವು ಸಾಮಾನ್ಯವಾಗಿ ಇದರ ವ್ಯಾಪ್ತಿಗೆ ಬರುವುದಿಲ್ಲ. ಅಂಗವಿಕಲರ ಗುರುತಿನ ಚೀಟಿಯ ವಿಷಯವೂ ತೊಡಕಿನದು. 2016ರ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ವಿಲ್ಸನ್ ಕಾಯಿಲೆಯ ಹೆಸರಿಲ್ಲ. ಅದರಿಂದ ಉಂಟಾದ ಚಲನೆಯ, ಮಾತಿನ ಅಥವಾ ದೀರ್ಘಕಾಲೀನ ನರವ್ಯೂಹದ ವೈಕಲ್ಯವನ್ನಷ್ಟೇ ಅಳೆಯಲಾಗುತ್ತದೆ. ಪರಿಣಾಮವಾಗಿ, ಕ್ರಮವಾಗಿ ಔಷಧಿ ಸೇವಿಸಿ ಚೆನ್ನಾಗಿರುವ ರೋಗಿಯು ಶೇಕಡ 40ರ ಮಿತಿಯನ್ನು ತಲುಪದೆ ಸೌಲಭ್ಯದಿಂದ ಹೊರಗುಳಿಯುತ್ತಾನೆ. ಔಷಧಿ ತಪ್ಪಿ ಅಂಗ ಸೋತವನು ಅರ್ಹನಾಗುತ್ತಾನೆ. ನಿಯಮದ ಈ ವಿಪರ್ಯಾಸವು ಪುನರ್ವಿಮರ್ಶೆಗೆ ಯೋಗ್ಯವಾದುದು.

ಸದ್ಯಕ್ಕೆ, 18 ವರ್ಷದೊಳಗಿನ ಮಕ್ಕಳಲ್ಲಿ ಮೇಲ್ಕಂಡ ಲಕ್ಷಣಗಳಿದ್ದಲ್ಲಿ ಶಾಲೆ, ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿ, ಮೇಲಿನ ಆಸ್ಪತ್ರೆಗೆ ಶಿಫಾರಸು ಪಡೆಯಬಹುದು. ಕಣ್ಣಿನ ಪರೀಕ್ಷೆ, ರಕ್ತದ ಸೆರುಲೋಪ್ಲಾಸ್ಮಿನ್ ಹಾಗೂ 24 ಗಂಟೆಗಳ ಮೂತ್ರದಲ್ಲಿನ ತಾಮ್ರದ ವರದಿಗಳನ್ನು ಕಳೆಯದಂತೆ ಕಾಯ್ದಿರಿಸತಕ್ಕದ್ದು. ವೈಕಲ್ಯ ಪ್ರಮಾಣಪತ್ರ ಕೋರುವವರು ಯುಡಿಐಡಿ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ಕೇವಲ ಕಾಯಿಲೆಯ ಹೆಸರಲ್ಲದೆ ನಡಿಗೆ, ಬರವಣಿಗೆ, ಮಾತು, ನುಂಗುವಿಕೆಯಲ್ಲಿನ ತೊಂದರೆಗಳನ್ನು ನರರೋಗ ತಜ್ಞರಿಂದ ಸ್ಪಷ್ಟವಾಗಿ ಬರೆಯಿಸಿದ ಪತ್ರವನ್ನು ಲಗತ್ತಿಸುವುದು. ಬೆಂಗಳೂರಿಗೆ ತಪಾಸಣೆಗೆ ಹೋಗುವವರು ಪಡಿತರ ಚೀಟಿ, ಆಧಾರ್ ಹಾಗೂ ಹಿಂದಿನ ಔಷಧಿ ಚೀಟಿಗಳನ್ನು ಜೊತೆಗೆ ಒಯ್ಯತಕ್ಕದ್ದು. ಮುಂದಿನ ಭೇಟಿಯವರೆಗೆ ಸಾಲುವಷ್ಟು ಔಷಧಿಯನ್ನು ಕೈಯಲ್ಲಿರಿಸಿಕೊಂಡೇ ಊರಿಗೆ ಮರಳತಕ್ಕದ್ದು.