ಪಾಠಕ್ಕೆ ಮುಂಚಿನ ಹೊತ್ತು

ಬೇಸಗೆಯ ರಜೆ ಮುಗಿದು ಶಾಲೆಯ ಬಾಗಿಲು ತೆರೆಯುವ ದಿನ ನಮ್ಮ ಹಳ್ಳಿಗಳಲ್ಲಿ ಸಣ್ಣದೊಂದು ಹಬ್ಬವೇ ಸರಿ. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗವಲ್ಲಿ, ಮಕ್ಕಳ ಕೈಗೆ ಹೂವು, ಮಧ್ಯಾಹ್ನದ ಊಟಕ್ಕೆ ಸಿಹಿ. ಮರುದಿನದ ಪತ್ರಿಕೆಗಳಲ್ಲಿ ಇವುಗಳ ಚಿತ್ರ ಬರುತ್ತದೆ. ಆ ತೋರಣವನ್ನು ಕಟ್ಟಿದ ಉಪಾಧ್ಯಾಯರಿಗೆ ವರ್ಷದ ಪಾಠಕ್ಕೆ ಅಣಿಯಾಗಲು ಎಷ್ಟು ಹೊತ್ತು ದೊರೆಯಿತೆಂಬುದು ಮಾತ್ರ ಚಿತ್ರದಲ್ಲಿ ಕಾಣುವುದಿಲ್ಲ.

ಪಾಠದ ಸಿದ್ಧತೆ ಎಂದರೆ ಪುಸ್ತಕವನ್ನು ಒಮ್ಮೆ ತಿರುವಿಹಾಕುವುದಲ್ಲ. ಬೇಸಗೆಯ ರಜೆಯಲ್ಲಿ ಮಗು ಏನನ್ನು ಮರೆತಿದೆ ಎಂಬುದನ್ನು ತಿಳಿಯಬೇಕು. ಅದಕ್ಕಾಗಿಯೇ ಇಲಾಖೆಯು ವರ್ಷದ ಆರಂಭದಲ್ಲಿ ಸೇತುಬಂಧವೆಂಬ ಕಾರ್ಯಕ್ರಮವನ್ನು ಇಟ್ಟಿದೆ. ನಲಿ-ಕಲಿ ತರಗತಿಯಲ್ಲಾದರೆ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತು ಬೇರೆ ಬೇರೆ ಮೆಟ್ಟಿಲುಗಳಲ್ಲಿ ಕಲಿಯುತ್ತಿರುತ್ತಾರೆ. ಯಾವ ಮಗುವಿಗೆ ಯಾವ ಕಾರ್ಡು ಎಂಬುದನ್ನು ಮುಂಚೆಯೇ ಯೋಚಿಸದ ಉಪಾಧ್ಯಾಯರಿಗೆ ಅಲ್ಲಿ ಒಂದು ಗಂಟೆಯೂ ಸಾಗದು.

ಆದರೆ ಇದೇ ದಿನಗಳಲ್ಲಿ ಅವರ ಮೇಜಿನ ಮೇಲೆ ಬಂದು ಬೀಳುವ ಕೆಲಸಗಳನ್ನು ನೋಡಿ. ದಾಖಲಾತಿಯ ವಿವರಗಳನ್ನು ಗಣಕಜಾಲಕ್ಕೆ ತುಂಬಬೇಕು. ಅಕ್ಷರ ದಾಸೋಹದ ಅಕ್ಕಿ, ಬೇಳೆಯ ಲೆಕ್ಕ ಬೇರೆ. ಕ್ಷೀರಭಾಗ್ಯದ ಹಾಲಿನ ಪುಡಿಯ ಲೆಕ್ಕ ಬೇರೆ. ಮೊಟ್ಟೆಯ ಲೆಕ್ಕ ಮತ್ತೂ ಬೇರೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿ ಕೇಳಿದ ಮಾಹಿತಿಯನ್ನೇ ಜಿಲ್ಲೆಯ ಉಪನಿರ್ದೇಶಕರ ಕಛೇರಿ ಇನ್ನೊಂದು ನಮೂನೆಯಲ್ಲಿ ಕೇಳುತ್ತದೆ. ಸುತ್ತೋಲೆಗಳು ಈಗ ಅಂಚೆಯಲ್ಲಿ ಬರುವುದಿಲ್ಲ, ವಾಟ್ಸಾಪಿನಲ್ಲಿ ಬರುತ್ತವೆ. ಸಂಜೆಯೊಳಗೆ ಉತ್ತರ ಬೇಕೆನ್ನುತ್ತವೆ. ಗುಮಾಸ್ತರಿಲ್ಲದ ಪ್ರಾಥಮಿಕ ಶಾಲೆಯಲ್ಲಿ ಉತ್ತರ ಬರೆಯುವವರು ಯಾರು? ಪಾಠ ಹೇಳಬೇಕಾದವರೇ.

ಈ ವಿಷಯದಲ್ಲಿ ಕಾನೂನು ಏನೆನ್ನುತ್ತದೆ ಎಂಬುದನ್ನು ಸ್ವತಃ ಉಪಾಧ್ಯಾಯರೇ ಅನೇಕರು ಗಮನಿಸಿದಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಉಪಾಧ್ಯಾಯರ ದುಡಿಮೆಯನ್ನು ವಾರಕ್ಕೆ ಕನಿಷ್ಠ 45 ಗಂಟೆ ಎಂದು ನಿಗದಿಮಾಡಿ, ಸಿದ್ಧತೆಯ ವೇಳೆಯೂ ಅದರಲ್ಲಿ ಸೇರಿದೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆಯಬೇಕು; ಎಂದರೆ ದಿನಕ್ಕೆ ನಾಲ್ಕು ಗಂಟೆ, ಆರು ದಿನದ ವಾರಕ್ಕೆ 24 ಗಂಟೆ. ಉಳಿಯುವುದು 21 ಗಂಟೆ. ಇವು ಕನಿಷ್ಠ ಮಿತಿಗಳು. ನಮ್ಮ ವೇಳಾಪಟ್ಟಿಯಲ್ಲಿ ಪಾಠದ ಅವಧಿ ಇದಕ್ಕಿಂತ ಹೆಚ್ಚಾಗಿದೆ. ಆದರೂ ಶಾಸನದ ಆಶಯ ಸಂದೇಹಕ್ಕೆ ಎಡೆಗೊಡದು: ಸಿದ್ಧತೆಯು ಉಪಾಧ್ಯಾಯರು ಮನೆಯಲ್ಲಿ ಮಾಡಿಕೊಳ್ಳಬೇಕಾದ ಸ್ವಂತ ವ್ಯವಹಾರವಲ್ಲ, ಅದೂ ಕರ್ತವ್ಯದ ವೇಳೆಯೇ.

ಅದೇ ಕಾಯಿದೆಯ 27ನೆಯ ಪ್ರಕರಣವು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರನ್ನುಳಿದು ಬೇರಾವ ಶಿಕ್ಷಣೇತರ ಕಾರ್ಯಕ್ಕೂ ಅವರನ್ನು ನಿಯೋಜಿಸಬಾರದೆನ್ನುತ್ತದೆ. ಹೀಗಿದ್ದೂ 2025ರಲ್ಲಿ ಆದುದೇನು? ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರ ವರೆಗೆ ದಸರೆಯ ರಜೆ. ಸೆಪ್ಟೆಂಬರ್ 22ರಿಂದ ಅಕ್ಟೋಬರ್ 7ರ ವರೆಗೆ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಅರುವತ್ತು ಪ್ರಶ್ನೆಗಳನ್ನು ಹಿಡಿದು ಮನೆ ಮನೆಗೆ ಹೋದವರಲ್ಲಿ ಬಹುಮಂದಿ ಶಾಲೆಯ ಉಪಾಧ್ಯಾಯರು. ಕೆಲಸ ಮುಗಿಯದಿರಲು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರ ವರೆಗೆ ವಿಸ್ತರಿಸಲಾಯಿತು. ಮೊದಲು ಹೋದುದು ಉಪಾಧ್ಯಾಯರ ಬಿಡುವು. ಬಳಿಕ ಹೋದುದು ಮಕ್ಕಳ ಪಾಠ.

ಸರ್ಕಾರದ ಪಕ್ಷದಲ್ಲಿಯೂ ಹೇಳಬೇಕಾದ ಮಾತುಂಟು. ಊರೂರಿನಲ್ಲಿಯೂ ಇರುವ, ಅಕ್ಷರ ಬಲ್ಲ, ಪ್ರತಿ ಮನೆಯನ್ನೂ ಅರಿತ, ಜನ ನಂಬುವ ನೌಕರರು ಉಪಾಧ್ಯಾಯರಲ್ಲದೆ ಮತ್ತಾರು? ಸಮೀಕ್ಷೆಯೂ ನಾಡಿಗೆ ಬೇಡವಾದ ಕೆಲಸವೇನಲ್ಲ. ಆದರೆ ಜನರ ಈ ನಂಬಿಕೆ ಹುಟ್ಟಿದುದು ಪಾಠದಿಂದ. ಪಾಠ ಸೊರಗಿದರೆ ನಂಬಿಕೆಯೂ ಸೊರಗುತ್ತದೆ.

ತೊಡಕಿನ ಬೇರು ಇನ್ನೂ ಆಳದಲ್ಲಿದೆ. ಮತದಾರರ ಪಟ್ಟಿಯ ಪರಿಷ್ಕರಣೆಗೆ ಉಪಾಧ್ಯಾಯರನ್ನು ರಜಾದಿನಗಳಲ್ಲಿ, ಪಾಠವಿಲ್ಲದ ದಿನಗಳಲ್ಲಿ ಮಾತ್ರ ಬಳಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2007ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಅದು ಮಕ್ಕಳ ವೇಳೆಯನ್ನು ಕಾಯ್ದ ತೀರ್ಪು. ಆದರೆ ಪಾಠದ ಗಂಟೆಯ ಸುತ್ತ ಬೇಲಿ ಹಾಕಿದೊಡನೆ ಬೇಲಿಯ ಹೊರಗಿನದೆಲ್ಲ ಗೋಮಾಳವಾಯಿತು. ಮಕ್ಕಳು ಎದುರಿಗಿಲ್ಲದ ಹೊತ್ತೆಂದರೆ ಉಪಾಧ್ಯಾಯರು ಸುಮ್ಮನಿರುವ ಹೊತ್ತು ಎಂಬ ಭಾವನೆ ಅಧಿಕಾರಿವರ್ಗದಲ್ಲಿ ಬೇರೂರಿದೆ. ದೀರ್ಘ ರಜೆಯುಂಟೆಂಬ ಕಾರಣಕ್ಕೆ ಗಳಿಕೆ ರಜೆಯನ್ನು ಇತರ ನೌಕರರಿಗಿಂತ ಕಡಮೆ ಕೊಡುವ ಸರ್ಕಾರವೇ ಆ ದೀರ್ಘ ರಜೆಯನ್ನೂ ಕೇಳುತ್ತದೆ.

ಇದು ನಮ್ಮ ನಾಡಿನ ಅಳಲು ಮಾತ್ರವೂ ಅಲ್ಲ. 2019ರ ಅಕ್ಟೋಬರಿನಲ್ಲಿ ಅಮೆರಿಕದ ಷಿಕಾಗೋ ನಗರದ ಉಪಾಧ್ಯಾಯರು ಹನ್ನೊಂದು ಶಾಲಾದಿನ ಮುಷ್ಕರ ಹೂಡಿದಾಗ, ಪ್ರಾಥಮಿಕ ಉಪಾಧ್ಯಾಯರಿಗೆ ಪಾಠದ ಸಿದ್ಧತೆಗೆಂದು ದಿನಕ್ಕೆ ಇನ್ನೂ ಮೂವತ್ತು ನಿಮಿಷ ಬೇಕೆಂಬುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು. ಅಂದು ಅದು ಈಡೇರಲಿಲ್ಲ. 2025ರ ಒಪ್ಪಂದದಲ್ಲಿ ದೊರೆತುದು ಹತ್ತು ನಿಮಿಷ. ಸಂಬಳಕ್ಕಿಂತ ಸಮಯವನ್ನು ಕೊಡುವುದು ಆಡಳಿತಗಳಿಗೆ ಎಷ್ಟು ಕಷ್ಟವೆಂಬುದಕ್ಕೆ ಇದು ಸಾಕ್ಷಿ.

ಸಮಯ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನ ನಮ್ಮಲ್ಲಿಯೇ ಇದೆ. ನಲಿ-ಕಲಿ ಪದ್ಧತಿ 1995ರಲ್ಲಿ ಮೊಳೆತುದು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿಯ ಪ್ರಾಥಮಿಕ ಉಪಾಧ್ಯಾಯರು ಋಷಿವ್ಯಾಲಿಗೆ ಹೋಗಿ ಕಂಡುಬಂದು, ಒಟ್ಟಿಗೆ ಕುಳಿತು, ಚರ್ಚಿಸಿ, ಕಾರ್ಡುಗಳನ್ನು ತಾವೇ ರಚಿಸಿದರು. ಇಡೀ ರಾಜ್ಯ ಮುಂದೆ ಸ್ವೀಕರಿಸಿದ ಪದ್ಧತಿ, ಮಕ್ಕಳು ಎದುರಿಗಿಲ್ಲದ ಹೊತ್ತಿನ ಫಲ.

ಬೇಡಿಕೆ ದೊಡ್ಡದಲ್ಲ. ಶಾಲೆ ತೆರೆಯುವ ಮುನ್ನ ಕೆಲವು ದಿನಗಳಾದರೂ ಸಭೆ, ಸುತ್ತೋಲೆ, ತರಬೇತಿಗಳಿಲ್ಲದೆ ಉಪಾಧ್ಯಾಯರಿಗೇ ಸಲ್ಲಲಿ. ಒಮ್ಮೆ ಕೊಟ್ಟ ಮಾಹಿತಿಯನ್ನು ಕಛೇರಿಗಳು ತಮ್ಮೊಳಗೇ ಹಂಚಿಕೊಳ್ಳಲಿ. ಲೆಕ್ಕ ಬರೆಯಲು ಕೆಲವು ಶಾಲೆಗಳಿಗೆ ಸೇರಿ ಒಬ್ಬ ಗುಮಾಸ್ತರಾದರೂ ಬರಲಿ. ರೈತನು ಬಿತ್ತುವುದಕ್ಕೆ ಮುಂಚೆ ಉಳುತ್ತಾನೆ. ಉಳುವ ದಿನಗಳಲ್ಲಿ ಅವನ ಎತ್ತುಗಳನ್ನು ಯಾರೂ ಎರವಲು ಕೇಳುವುದಿಲ್ಲ. ಅಷ್ಟು ವಿವೇಕ ನಮ್ಮ ಶಾಲೆಗಳ ವಿಷಯದಲ್ಲಿಯೂ ಇದ್ದರೆ ಸಾಕು.